ಗಣಿತದ ಮಾಸ್ತರರಿಗೊಂದು ಕಾಫಿ ಮಷಿನ್ನು

ಮಾಸ್ತರಕಿ ಮಾಡಿದವರು ನಗೂ ಪ್ರಸಂಗ ಹುಡ್ಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲರಿ. ಹಾಜರಿ ಕೂಗಿದಂಗ ಒಂದೊಂದೇ ತಾವೇ ಎದ್ದು ನಿಂದಿರ್ತಾವ. ಅದರಾಗ ಹೆಡ್ ಮಾಸ್ತರ ಆದವಂಗಂತೂ ಕುರ್ಚಿ ಬಿಟ್ಟು ಏಳೋ ಕೆಲಸನೂ ಇಲ್ಲ. ನಾ ಚಿತ್ತಾಪುರದ ಹೈಸ್ಕೂಲಿನಾಗ ಹೆಡ್ ಮಾಸ್ತರ ಇದ್ದಾಗ ನಡೆದಿದ್ದು ಹೇಳ್ತೀನಿ. ಸುಳ್ಳ ಹೇಳಂಗಿಲ್ಲ. ಒಂದೆರಡು ಕಡೆ ಉಪ್ಪು ಖಾರ ಹಚ್ಚೀನಿ, ಅಷ್ಟ.

ಐದನೇ ಮಾಸ್ತರು

ರಾಜ್ಯ ಒಂದಾದ ಮ್ಯಾಲೆ ಮೈಸೂರು ಕಡಿಂದ ನಮ್ಮ ಭಾಗಕ್ಕ ಮಾಸ್ತರ್ರು ಬರ್ಲಿಕ್ಕೆ ಸುರು ಆದ್ರು. ಬರ್ತಿದ್ರು ಅನ್ನೋದು ಖರೆ, ಇರ್ತಿದ್ರು ಅನ್ನೋದು ಸುಳ್ಳ. ಗಣಿತಕ್ಕ ನಾಕು ಮಂದಿ ಬಂದ್ರು, ನಾಕೂ ಮಂದಿ ಹೋದ್ರು. ಒಬ್ಬರಂತೂ ಹಾಸಗಿ ಸುರುಳಿ ಬಿಚ್ಚಲೇ ಇಲ್ಲ. ಅದರ ಮ್ಯಾಲೆ ಕುಂತು ವರ್ಗಾವಣಿ ಅರ್ಜಿ ಬರದ್ರು, ಅದನ್ನೇ ಹೊತ್ತುಕೊಂಡು ರೈಲು ಹತ್ತಿದ್ರು.

ಪೆಟ್ಟು ಬೀಳ್ತಿದ್ದಿದ್ದು ಎಸ್ಸೆಸ್ಸೆಲ್ಸಿ ಹುಡುಗರಿಗೆ. ಎಲ್ಲಾ ವಿಷಯದಾಗ ಪಾಸು, ಗಣಿತದಾಗ ಢುಮ್ಕಿ. ಬಿದ್ದವರು ಸೀದಾ ಕಲ್ಲಿನ ಗಣಿಗೆ ಹೋಗಿ ಸುತ್ತಿಗಿ ಹಿಡೀತಿದ್ರು. ಜಾಣ ಹುಡುಗರು, ಮಾಸ್ತರ ಇಲ್ಲ ಅನ್ನೋ ಒಂದೇ ಕಾರಣಕ್ಕ ಬೀಳೋದಂದ್ರ ಏನ್ರಿ? ನನಗ ಹೊಟ್ಟಿ ಉರೀತಿತ್ತು. ಈ ವರ್ಷ ಯಾರು ಬಂದ್ರೂ ಮಾರ್ಚ್ ತನಕ ಬಿಡಂಗಿಲ್ಲ ಅಂತ ಪಣ ತೊಟ್ಟೆ.

ಜೂನ್‌ದಾಗ ಐದನೇದವರು ಬಂದ್ರು. ಮದುವಿ ಆಗದ ತೆಳ್ಳನ ಮನಶಾ. ನಮ್ಮ ಮನಿ ಹೊರಗಿನ ಖೋಲಿನೇ ಕೊಟ್ಟೆ, ಊಟನೂ ನಮ್ಮಲ್ಲೇ. ಪಾಠ ಹೇಳಿದ್ರಂದ್ರ, ಮೂಲ್ಯಾಗ ತೂಕಡಿಸೋ ಹುಡುಗನೂ ಎದ್ದು ಬಂದು ಹಲಗಿ ಮ್ಯಾಲೆ ಲೆಕ್ಕ ಬಿಡಸ್ತಿದ್ದ. ನನಗ ಸ್ವರ್ಗಕ್ಕ ಮೂರೇ ಗೇಣು. ಆಷಾಢದಾಗ ಒಂದು ಮುಂಜಾನಿ ಮಾಸ್ತರು, ನಮ್ಮಾಕಿ ಕೊಟ್ಟ ಚಹಾದ ಗ್ಲಾಸು ಕೈಯಾಗ ಹಿಡಕೊಂಡು, ಅದರಾಗ ಇಲಿ ಬಿದ್ದದೇನೋ ಅನ್ನೋಹಂಗ ನೋಡ್ಲಿಕತ್ತಿದ್ರು.

"ಸರ್, ನಿಮ್ಮ ಬಿಸಿಲು ತಡ್ಕೊಂಡೆ, ಖಾರ ತಡ್ಕೊಂಡೆ. ರೊಟ್ಟಿ ಅಂತೂ ಈಗ ನಂಗೇ ಇಷ್ಟ. ಆದ್ರೆ ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಇಲ್ದೆ ನಂಗೆ ಎರಡೆರಡ್ಲ ನಾಲ್ಕು ಅಂತಾನೂ ಹೊಳೆಯಲ್ಲ. ಬೆಂಗಳೂರಲ್ಲಿ ನಮ್ಮ ಮಾವನ ಕೈಲಿ ವರ್ಗಾವಣೆಗೆ ಒಂದು ಅರ್ಜಿ ಕೊಟ್ಟಿದ್ದೀನಿ. ನಿಮ್ಮಿಂದ ಮುಚ್ಚಿಡಲ್ಲ."

ಐದನೇದವರೂ ಹೊಂಟಂಗೇ ಅಂತ ಅಂದ್ಕೊಂಡೆ. ಮುಖದಾಗ ತೋರಿಸಲಿಲ್ಲ.

"ಇಷ್ಟೇ ಏನ್ರಿ? ಮಾರ್ಚ್ ತನಕ ಕುಂದ್ರಿ. ಕಾಫಿ ನನಗ ಬಿಡ್ರಿ" ಅಂದೆ.

ಜನ್ಮದಾಗ ನಾ ಕಾಫಿ ಬೀಜ ಕಣ್ಣಿಲೆ ಕಂಡವನಲ್ಲ. ಆದ್ರ ಹೆಡ್ ಮಾಸ್ತರಾದವ ಗೊತ್ತಿಲ್ಲ ಅಂದ್ರ ಶಾಲಿ ನಡೀತದೇನ್ರಿ?

ಕಂದು ರೊಟ್ಟಿ

ಡಬ್ಬಿ ಪುಡಿ ಅವರಿಗೆ ನಡೆಯಂಗಿಲ್ಲ. ಬೀಜ ಆಗಲೇ ಹುರೀಬೇಕು, ಆಗಲೇ ಪುಡಿ ಮಾಡಬೇಕು, ಆಗಲೇ ಫಿಲ್ಟರಿಗೆ ಹಾಕಬೇಕು. ಊರಿಂದ ಅವರ ತಾಯಿ ರೈಲು ಪಾರ್ಸಲ್‌ದಾಗ ಒಂದು ಚೀಲ ಹಸಿ ಬೀಜ ಕಳಿಸಿದ್ರು. ಫಿಲ್ಟರ್ ಪೆಟ್ಟಿಗ್ಯಾಗೇ ಇತ್ತು. ಬೀಸೋದು ಮಾತ್ರ ಇರಲಿಲ್ಲ. "ಎಲ್ಲಾ ಊರಲ್ಲೂ ಪುಡಿ ಮಾಡಿಕೊಡೋ ಅಂಗಡಿ ಇರುತ್ತೆ ಅಂದ್ಕೊಂಡಿದ್ದೆ ಸರ್" ಅಂದ್ರು ಪಾಪ.

"ಬೀಸೋದಕ್ಕೇನ್ರಿ ಬರ? ನಮ್ಮ ಮನ್ಯಾಗ ಬೀಸುಕಲ್ಲು ಅದ. ಶಹಾಬಾದ್ ಕಲ್ಲಿನ ಊರಿನ ಬಾಜೂಕ ಇದ್ದು ಕಲ್ಲಿಗೆ ಬರ ಏನು!" ಅಂದೆ.

ನಮ್ಮಾಕಿ ಬೀಜ ಹುರದು ಬೀಸಿದಳು. ಬಂದಿದ್ದರಾಗ ಅರ್ಧ ಕಾಫಿ, ಅರ್ಧ ಹಿಂದಿನ ದಿನದ ಜೋಳದ ಹಿಟ್ಟು. ಮಾಸ್ತರು ಒಂದು ಗುಟುಕು ಕುಡದು, ಭಾಳ ಮರ್ಯಾದಿಲೆ ಲೋಟ ಕೆಳಗಿಟ್ಟು, "ಸರ್, ಇದು ಕಾಫಿ ಅಂಬಲಿ" ಅಂದ್ರು.

ಅದು ಹೋಗಲಿ. ಕಾಫಿ ಬೀಜಕ್ಕ ಎಣ್ಣಿ ಇರ್ತದ ಅನ್ನೋದು ನಮಗೇನು ಗೊತ್ತು? ಕಲ್ಲಿಗೆ ಹತ್ತಿದ್ದು ಬಿಡಲೇ ಇಲ್ಲ. ಮುಂದ ಎಂಟು ದಿನ ನಮ್ಮ ಮನ್ಯಾಗ ಕಂದು ಬಣ್ಣದ ರೊಟ್ಟಿ. ಅದೇ ಹೊತ್ತಿಗೆ ದಂಡೋತಿಯಿಂದ ಒಬ್ಬ ರೈತ, ಮಗನ ಅಭ್ಯಾಸ ಹೆಂಗದ ಅಂತ ಕೇಳ್ಲಿಕ್ಕೆ ಬಂದ. ಮಧ್ಯಾಹ್ನದ ಹೊತ್ತು, ಊಟಕ್ಕ ಕುಂದ್ರಿಸಿದ್ವಿ. ನಮ್ಮಾಕಿ ನಾಚಿಕೊಂಡೇ ನೀಡಿದಳು. ಆತ ಒಂದು ರೊಟ್ಟಿ ತಿಂದ, ಎರಡು ತಿಂದ, ಮೂರನೇದು ಕೈಯಾಗ ಹಿಡಕೊಂಡು ಬೆಳಕಿಗೆ ತಿರುವಿ ನೋಡಿದ. ಮಗನ ಮಾತೇ ಮರತುಬಿಟ್ಟ.

"ಮಾಸ್ತರ, ಏನ್ ಘಮಾ ಅದರಿ ಇದಕ್ಕ! ಯಾ ತಳಿ ಜ್ವಾಳ ಇದು? ನಾಕು ಸೇರು ಬೀಜ ಕೊಡ್ರಿ, ಈ ಹಿಂಗಾರಿಗೆ ನಮ್ಮ ಹೊಲಕ್ಕೆಲ್ಲಾ ಇದನ್ನೇ ಹಾಕ್ತೀನಿ."

ಪರದೇಶದ್ದು

ಮಾಸ್ತರ ಹತ್ರ ಒಂದು ಇಂಗ್ಲಿಷ್ ಮಾಸಪತ್ರಿಕಿ ಇತ್ತು. ಅದರಾಗ ಒಂದು ಚಿತ್ರ. ಮ್ಯಾಲೆ ಬೀಜ ಹಾಕಿದ್ರ ಮಷಿನ್ನೇ ಬೀಸ್ತದ, ತಾನೇ ನೀರು ಕಾಸ್ತದ, ಕೆಳಗ ಕಾಫಿ ಇಳೀತದ. ಬೀಸೋದೂ ಮಾಡೋದೂ ಒಂದರಾಗೇ.

"ಇಂಥದ್ದೊಂದು ಇದ್ದಿದ್ರೆ..." ಅಂತ ಉಸಿರು ಬಿಟ್ರು.

ಶಹಾಬಾದಿನಾಗ ಒಬ್ಬ ಪರದೇಶದ ಎಂಜಿನಿಯರ್ ಊರಿಗೆ ಹೊಂಟಾನ, ಮನಿ ಸಾಮಾನು ಮಾರ್ಲಿಕತ್ತಾನ ಅಂತ ಸುದ್ದಿ ಬಂತು. ಹೋಗಿ ನೋಡಿದ್ರ, ಏನ್ ಹೇಳ್ಲಿ, ಚಿತ್ರದಾಗಿದ್ದದ್ದೇ ಮೇಜಿನ ಮ್ಯಾಲೆ ಕುಂತದ! ಅವರ ಮನಿ ಅಡಗಿ ಮಾಡೋ ಖಾನ್‌ಸಾಮಾ ಗುಂಡಿ ಒತ್ತಿ ತೋರಿಸಿದ. ಗರ್ ಅಂತು, ಘಮ್ ಅಂತು, ಕಾಫಿ ಬಂತು. ಮಾಸ್ತರ ಕಣ್ಣಾಗ ಮಿಂಚು. ಆದ್ರ ನಾ ಯಾರು? ಪರೀಕ್ಷಾ ಇಲ್ಲದ ಯಾರನ್ನೂ ಪಾಸು ಮಾಡಿದವನಲ್ಲ. "ನಮ್ಮ ಮನ್ಯಾಗ ನಡದ್ರ ತಗೋತೀನಿ, ಇಲ್ಲಂದ್ರ ಇಲ್ಲ" ಅಂದೆ. ಮರುದಿನ ಆ ಖಾನ್‌ಸಾಮಾ ಮಷಿನ್ನು ತೊಡಿ ಮ್ಯಾಲೆ ಇಟ್ಕೊಂಡು ರೈಲಿನಾಗ ಚಿತ್ತಾಪುರಕ್ಕ ಬಂದ.

ಪಡಸಾಲ್ಯಾಗ ಇಟ್ಟು ತಂತಿ ಜೋಡಿಸಿದ್ವಿ. ಗುಂಡಿ ಒತ್ತಿದ್ರ ಬರೀ ಹ್ಞೂಂ ಅಂತದ, ತಿರುಗವಲ್ದು. ಕಾರಣ ಏನಂದ್ರ, ನಮ್ಮ ಹಿಂದಿನ ಓಣ್ಯಾಗ ಹಿಟ್ಟಿನ ಗಿರಣಿ. ಅದು ನಡಿಯೋ ಹೊತ್ತಿನಾಗ ನಮ್ಮ ಮನಿ ಬಲ್ಬು ಲಾಟೀನಿಗಿಂತ ಮಂದ. ಖಾನ್‌ಸಾಮಾ ಮುಚ್ಚಳ ತಗದು, ಬೀಜದಾಗ ಬೆರಳಾಡಿಸಿ, "ಏನ್ ಆಗ್ಯದೋ ನೋಡ್ತೀನಿ, ತಡೀರಿ" ಅಂದ. ಗುಂಡಿ ಒತ್ತಿದ್ದು ಒತ್ತೇ ಇತ್ತು. ಅಷ್ಟರಾಗ ಗಿರಣಿಯವ ಊಟಕ್ಕಂತ ಗಿರಣಿ ಬಂದ್ ಮಾಡಿದ. ಊರಿನ ಕರೆಂಟೆಲ್ಲಾ ನಮ್ಮ ಮಷಿನ್ನಿಗೇ ನುಗ್ಗಿತು!

ಮುಚ್ಚಳ ಇಲ್ಲದ ಬಾಯಿಂದ ಬೀಜ ಗುಂಡು ಹಾರಿದಂಗ ಹಾರಿದ್ವು. ಅದೇ ಹೊತ್ತಿಗೆ ನಮ್ಮವ್ವ ಮಡಿ ಉಟ್ಟು, ದೇವರ ನೀರಿನ ಕೊಡ ಹಿಡಕೊಂಡು ಒಳಗ ಬರ್ಲಿಕತ್ತಿದ್ಲು. ಒಂದು ಬೀಜ ಸೀದಾ ಅಕಿ ಬೆನ್ನಿಗೆ ಹೊಡೀತು. ಮೈಲಿಗಿ! ಹೋಗಿ ಸ್ನಾನ ಮಾಡಿ ಬಂದಳು, ಹೊಸ್ತಿಲದಾಗ ಬಿದ್ದ ಬೀಜ ತುಳದಳು. ಮತ್ತ ಸ್ನಾನ ಮಾಡಿ ಬಂದಳು, ಈ ಖಾನ್‌ಸಾಮಾ "ಮಾಫ್ ಮಾಡ್ರಿ ಅಮ್ಮಾ" ಅಂತ ಹೋಗಿ ಅಕಿ ಕಾಲೇ ಮುಟ್ಟಿಬಿಟ್ಟ. ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ಮಷಿನ್ನು ಸಂಜಿ ಗಾಡಿಗೇ ಶಹಾಬಾದಿಗೆ ವಾಪಸ್ ಹೋಯ್ತು.

ಆವತ್ತು ಅವ್ವ ಮೂರು ಸಲ ಸ್ನಾನ ಮಾಡಿದಳು. ಕಾಫಿ ಒಂದು ಸಲನೂ ಆಗಲಿಲ್ಲ.

ವಾಡಿಯ ಮಿಸ್ತ್ರಿ

ಕರೆಂಟಿನ ಸಹವಾಸ ಬ್ಯಾಡ, ಕೈಲೆ ತಿರುವೋದೇ ಬೇಕು ಅಂತ ತೀರ್ಮಾನ ಆಯ್ತು. ವಾಡಿಯೊಳಗ ಒಬ್ಬ ಮಿಸ್ತ್ರಿ ಇದ್ದ. ಗಿರಣಿ ರಿಪೇರಿ, ಬ್ಯಾಳಿ ಒಡಿಯೋ ಮಷಿನ್ ರಿಪೇರಿ, ಹಾರ್ಮೋನಿಯಂ ರಿಪೇರಿ, ಆತಂಗ ಬರಲಾರದ್ದು ಯಾವುದೂ ಇಲ್ಲ. ಅಥವಾ ಬರಂಗಿಲ್ಲ ಅಂತ ಆತಂಗ ಯಾರೂ ಹೇಳಿರಲಿಲ್ಲ. ಪತ್ರಿಕಿ ಚಿತ್ರ ತೋರಿಸಿದೆ. ತಲಿಕೆಳಗ ಹಿಡಕೊಂಡು ನೋಡಿ, "ಫಿಕರ್ ಮಾಡಬ್ಯಾಡ್ರಿ ಮಾಸ್ತರ್ ಸಾಬ್, ಎಂಟು ದಿನ ಕೊಡ್ರಿ" ಅಂದ.

ಎಂಟು ದಿನಕ್ಕ ಹೋದ್ವಿ. ಮ್ಯಾಲೆ ಗ್ರಾಮೋಫೋನಿನ ಕಹಳಿ, ಅದೇ ಬೀಜದ ಬಾಯಿ. ನಡುವ ಹಲ್ಲಿನ ಚಕ್ರ, ಬದಿಗೆ ಬಾವಿ ಗಡಗಡಿಯಂಥಾ ಹಿಡಿಕಿ. ಕೆಳಗ ಹಿತ್ತಾಳಿ ಫಿಲ್ಟರು. ಬಾಜೂಕ ಸ್ಟವ್ ಮ್ಯಾಲೆ ಒಂದು ಸಣ್ಣ ಬಾಯ್ಲರು. ನಲ್ಲಿ ತಿರುವಿದ್ರ ಕುದಿಯೋ ನೀರು ಪುಡಿ ಮ್ಯಾಲೆ ಬೀಳ್ತದ. ಮಷಿನ್ನು ನಾಕು ಕಾಲಿನ ಮ್ಯಾಲೆ ಎತ್ತಿನಂಗ ನಿಂತಿತ್ತು. ನನಗ ಭಾಳ ಪಸಂದ ಬಿತ್ತು.

ಮಾಸ್ತರು ಹುರದ ಬೀಜ ಹಾಕಿದ್ರು. ಮಿಸ್ತ್ರಿ ಹಿಡಿಕಿ ತಿರುವಿದ. ಟಕ್ ಟಕ್ ಟಕ್ ಅಂತ ಸಪ್ಪಳ. ಮಿಸ್ತ್ರಿ ಕೆಳಗಿನ ಡಬ್ಬಿ ತಗದು ನಮ್ಮ ಮುಂದ ಹಿಡದು, ಎದಿ ಉಬ್ಬಿಸಿ ನಿಂತ. ಒಳಗ ಪುಡಿ ಹುಡ್ಕಿದ್ರೂ ಇಲ್ಲ. ಒಂದೊಂದು ಬೀಜನೂ ಬರೋಬ್ಬರಿ ಎರಡು ಹೋಳು!

"ದೇಖೋ ಸಾಬ್! ಒಂದರ ನುಚ್ಚು ಆಗ್ಯದೇನು ನೋಡ್ರಿ!"

ಮಾಸ್ತರು ಒಂದು ಹೋಳು ಎತ್ತಿ ನನ್ನ ಕೈಗೆ ಕೊಟ್ರು. ನಾನೇ ಹೇಳಿದೆ, "ಏ ಮಿಸ್ತ್ರಿ, ಇದು ಪುಡಿ ಆಗಬೇಕೋ, ಪುಡಿ!"

ಮಿಸ್ತ್ರಿಗೆ ಅಳೂನೇ ಬಂತು. "ಇಪ್ಪತ್ತು ವರ್ಷ ಆಯ್ತು ಸಾಬ್, ಸೇಡಂದಿಂದ ಶಹಾಬಾದ್ ತನಕ ತೊಗರಿ ಒಡಿಯೋ ಮಷಿನ್ ಎಲ್ಲಾ ನಂದೇ ಕೈ. ಪುಡಿ ಆತು ಅಂದ್ರ ಮಂದಿ ನನಗ ಬಡೀಲಿಕ್ಕೆ ಬರ್ತಾರ. ಪುಡಿ ಆಗವಲ್ದು ಅಂತ ಬೈಲಿಕತ್ತವರು ನೀವೇ ಮೊದಲಿಗರು ನೋಡ್ರಿ!"

ಅವ್ವನ ತೀರ್ಪು

ಮಿಸ್ತ್ರಿ ಸ್ಕ್ರೂ ಬಿಗಿ ಮಾಡಿದ, ಮೆತ್ತನ ಪುಡಿ ಬಂತು. ಮಷಿನ್ನು ಮನಿಗೆ ತಂದು ಪಡಸಾಲ್ಯಾಗ ನಿಲ್ಲಿಸೋ ಹೊತ್ತಿಗೆ ಕಾರ್ತಿಕ ಬಂದಿತ್ತು. ಇನ್ನೇನು ಗೆದ್ದೆ ಅನ್ನಬೇಕು. ಮೊದಲಿನ ಆ ಎರಡು ಹೋಳಿನ ಬೀಜ ಒಂದು ಕಾಗದದಾಗ ಕಟ್ಟಿ ತಂದಿದ್ದೆ, ಚೆಲ್ಲಾಕ ಮನಸಾಗಲಿಲ್ಲ. ಅದು ಅವ್ವನ ಕೈಗೆ ಸಿಕ್ಕಿತು.

"ಏನೋ ಇದು?"

"ಕಾಫಿ ಬೀಜ ಅವ್ವಾ."

"ಎರಡು ಹೋಳು ಆಗ್ಯಾವಲ್ಲ?"

"ಆಗ್ಯಾವ."

"ಹಂಗಾದ್ರ ದ್ವಿದಳ. ಕಾರ್ತಿಕ ಮುಗಿಯೋ ತನಕ ಇದಕ್ಕ ನನ್ನ ಒಲಿ ಮ್ಯಾಲಿನ ಹಾಲೂ ಇಲ್ಲ, ಬೆಲ್ಲನೂ ಇಲ್ಲ."

ನಮ್ಮಂಥಾ ವೈಷ್ಣವರ ಮನ್ಯಾಗ ಚಾತುರ್ಮಾಸದ ಕಡೀ ತಿಂಗಳು ದ್ವಿದಳ ಬಂದ್. ಎರಡು ಬ್ಯಾಳಿ ಆಗೋ ಕಾಳು ಯಾವುದೂ, ತೊಗರಿ ಕಡ್ಲಿ ಹೆಸರು, ಒಲಿ ಹತ್ತಂಗಿಲ್ಲ. ತೊಗರಿ ನಾಡಿನಾಗ ಹುಟ್ಟಿ ಒಂದು ತಿಂಗಳು ತೊವ್ವಿನೇ ಬಿಟ್ಟ ಅವ್ವ, ಕಾಫಿನ ಒಲಿ ಹತ್ರ ಬಿಡ್ತಾಳೇನು?

ಮಾಸ್ತರ ಮುಖ ಸಣ್ಣದಾಯ್ತು. ಆದ್ರೂ ಗಣಿತದವರು, ಸೋಲಂಗಿಲ್ಲ. ಪಾಟಿ ತಗೊಂಡು ಅವ್ವನ ಮುಂದ ದೂರದಾಗ ಕುಂತ್ರು. ಒಂದು ದುಂಡನ ಹಣ್ಣು ಬರದ್ರು. "ನೋಡಿ ಅಮ್ಮ, ಇದು ಬೇಳೆ ಅಲ್ಲ. ಒಂದು ಹಣ್ಣು, ಅದರೊಳಗೆ ಎರಡು ಬೀಜ, ಒಂದಕ್ಕೊಂದು ಮುಖ ಮಾಡಿ..."

"ಒಂದರೊಳಗ ಎರಡು ಅಂತ ನೀನೇ ಬರದು ತೋರಿಸಿದಿಯಲ್ಲಪ್ಪಾ. ಮುಗೀತು."

ನಾ ಜೀವನದಾಗ ಎಷ್ಟೋ ಪ್ರಮೇಯ ನೋಡೀನಿ. ಸಾಧಿಸಿದವರಿಗೇ ತಿರುಗಿ ಬಿದ್ದದ್ದು ಅದೊಂದೇ. ಮಾಸ್ತರು ಪಾಟಿ ಒರಸಿ ಎದ್ರು. ಬಾಗಿಲ ತನಕ ಹೋದವರು ತಟ್ಟನ ತಿರುಗಿ, "ಅಮ್ಮ, ಒಂದೊಂದು ಹಣ್ಣಲ್ಲಿ ಒಂದೇ ಬೀಜ ಇರುತ್ತೆ. ಒಂಟಿ ಬೀಜ. ದುಂಡಗೆ, ಮುತ್ತಿನ ಥರ. ಅದು ನಡೆಯುತ್ತಾ?" ಅಂದ್ರು.

ಅವ್ವ ವಿಚಾರ ಮಾಡಿದಳು. "ಒಂದೇ ಇದ್ರ ದ್ವಿದಳ ಹೆಂಗಾಗ್ತದ? ಅದಕ್ಕ ಅಡ್ಡಿ ಇಲ್ಲ. ಆದ್ರ ಆರಿಸೋದು ನಾನೇ."

ಮರುದಿನದಿಂದ ಮುಂಜಾನಿ ಪೂಜಿ ಆಗೂದೇ ತಡ, ಅವ್ವ ಕನ್ನಡಕ ಏರಿಸಿ, ಕಾಳು ಹಸನ ಮಾಡೋ ಮರದ ಮುಂದ ಕುಂದ್ರತಿದ್ಲು. ಒಂದು ಕಡೆ ನಾ, ಒಂದು ಕಡೆ ನಮ್ಮಾಕಿ. ನಾವು ಆರಿಸಿದ್ದನ್ನೆಲ್ಲಾ ಅವ್ವ ಮತ್ತ ತಿರುವಿ ನೋಡ್ತಿದ್ಲು. "ಇದರ ಹೊಟ್ಟಿ ಚಪ್ಪಟಿ ಅದ. ತಗಿ. ಇದು ನಾಪಾಸು. ಹೆಡ್ ಮಾಸ್ತರ ಅಂತ ಯಾರು ಮಾಡಿದ್ರೋ ನಿನಗ!" ಚೀಲ ಪೂರಾ ಸೋಸಿದ್ರ ಒಂದು ಡಬ್ಬಿ ಒಂಟಿ ಬೀಜ ಸಿಕ್ಕಿತು.

ಅದನ್ನ ಹುರದು, ವಾಡಿ ಮಷಿನ್ನಿಗೆ ಹಾಕಿ, ನಾನೇ ಹಿಡಿಕಿ ತಿರುವಿದೆ. ಮಾಸ್ತರು ಒಂದು ಗುಟುಕು ಕುಡದು ಕಣ್ಣು ಮುಚ್ಚಿದ್ರು. ನನಗ ಜೀವ ಹೋತು. ಇದೂ ಅಂಬಲಿ ಆಯ್ತೇನೋ ಅಂತ.

"ಸರ್, ನಮ್ಮ ಕಡೆ ಈ ಒಂಟಿ ಬೀಜಾನ ಬೇರೆ ಆರಿಸಿ ದುಬಾರಿ ಬೆಲೆಗೆ ಮಾರ್ತಾರೆ. ನಮ್ಮಮ್ಮ ಮದುವೆ ಮನೇಲಿ ಮಾತ್ರ ಇದನ್ನ ಮಾಡೋದು. ಇಂಥಾ ಕಾಫಿ ನಂಗೆ ನಮ್ಮೂರಲ್ಲೂ ದಿನಾ ಸಿಗಲ್ಲ. ನಾನು ಎಲ್ಲಿಗೂ ಹೋಗಲ್ಲ ಸರ್." ಖರೇನ ಕಣ್ಣಾಗ ನೀರು. ನನ್ನ ಕಣ್ಣಾಗೂ ಬಂತು, ಯಾಕ ಸುಳ್ಳ ಹೇಳ್ಲಿ.

ಕಾರ್ತಿಕ ಮುಗೀತು. ಅವ್ವ ಮರ ತೊಳದು ಗ್ವಾಡಿಗೆ ತೂಗು ಹಾಕಿ, "ಇನ್ನ ಯಾವ ಬೀಜ ಬೇಕಾದ್ರೂ ಹಾಕ್ಕೊರ್ರಿ" ಅಂದಳು. ಮಾಸ್ತರು ಕೈ ಜೋಡಿಸಿ ನಿಂತ್ರು. "ಅಮ್ಮ, ದಯವಿಟ್ಟು ಕಾರ್ತಿಕ ಇನ್ನೊಂದು ನಾಲ್ಕು ತಿಂಗಳು ಇಟ್ಕೊಳ್ಳಿ!"

ತಪಾಸಣಿ

ಅದೇ ವಾರ ಬೆಂಗಳೂರಿಂದ ಲಕೋಟಿ ಬಂತು. ಗಣಿತದ ಮಾಸ್ತರಿಗೆ ಸ್ವಂತ ಜಿಲ್ಲಾಕ್ಕ ವರ್ಗ. ಹದಿನೈದು ದಿನದಾಗ ಬಿಡುಗಡಿ ಮಾಡಬೇಕು.

"ಮಾವ ಕೆಲಸ ಮಾಡಿಬಿಟ್ಟ ಸರ್" ಅಂತ ಮಾಸ್ತರು ತಲಿ ಹಿಡಕೊಂಡು ಕುಂತ್ರು. ಜನ್ಮದಾಗ ಮೊದಲ ಸಲ ಒಬ್ಬ ಮೈಸೂರು ಮಾಸ್ತರು ವರ್ಗ ರದ್ದು ಮಾಡ್ರಿ ಅಂತ ಅರ್ಜಿ ಬರದ್ರು. ಅದನ್ನ ಕಿಸೆದಾಗ ಇಟ್ಕೊಂಡು ನಾ ಗುಲಬರ್ಗಾಕ್ಕ ಹೋದೆ. ಪರೀಕ್ಷಾಕ್ಕ ನಾಕು ತಿಂಗಳು ಉಳದಿತ್ತು. ಇವರು ಹೋದ್ರ ಹುಡುಗರ ಕೈಯಾಗ ಮತ್ತ ಸುತ್ತಿಗಿನೇ.

ಜಿಲ್ಲಾ ಸಾಹೇಬರು ಹೊಸಬರು, ಹಾಸನದ ಕಡಿಯವರು. ಅರ್ಜಿ ಓದಿ ತಿರುಗಿ ಕೊಟ್ರು.

"ಇದು ಮೇಲಿನ ಆದೇಶ ಕಣ್ರೀ. ನಾನು ರದ್ದು ಮಾಡೋಕಾಗಲ್ಲ. ಅಷ್ಟಕ್ಕೂ ಈ ಮನುಷ್ಯಂಗೆ ಏನಾಗಿದೆ? ಕೇಳಿ ಪಡೆದ ವರ್ಗಾನ ಯಾಕೆ ಬೇಡ ಅಂತಾರೆ?"

ಅವರ ಮೇಜಿನ ಮ್ಯಾಲೆ ಒಂದು ಚಹಾದ ಗ್ಲಾಸಿತ್ತು. ತುಂಬಿದ್ದು ತುಂಬಿದಂಗೇ. ಮ್ಯಾಲೆ ದಪ್ಪ ಕೆನಿ ಕಟ್ಟಿತ್ತು. ನಾ ಅದನ್ನ ನೋಡಿದೆ, ಅವರ ಮುಖ ನೋಡಿದೆ. ನನಗ ಧೈರ್ಯ ಬಂತು.

"ಕಾಫಿ ಸಲುವಾಗಿ ಬ್ಯಾಡ ಅಂತಾರ್ರಿ" ಅಂದೆ.

ಸಾಹೇಬರು ಪೆನ್ನು ಕೆಳಗಿಟ್ರು. "ಕಾಫಿನಾ? ಚಿತ್ತಾಪುರದಲ್ಲಾ?"

"ನಮ್ಮ ಮನ್ಯಾಗ್ರಿ."

"ಡಬ್ಬಿ ಪುಡೀದಾ?"

"ಛೇ ಛೇ. ಆಗಲೇ ಹುರದು ಆಗಲೇ ಬೀಸಿದ್ದು. ಬೀಸೋದು, ಇಳಿಸೋದು ಎರಡೂ ಒಂದೇ ಮಷಿನ್ನಿನಾಗ. ಅದೂ ಒಂಟಿ ಬೀಜ. ನಮ್ಮವ್ವ ಈಗಲೂ ಒಂದೊಂದೇ ಆರಿಸ್ತಾಳ."

ಸಾಹೇಬರು ಎದ್ದು ಹೋಗಿ ಬಾಗಿಲು ಹಾಕ್ಕೊಂಡು ಬಂದ್ರು. ದನಿ ಇಳಿಸಿ, "ನಿಮ್ಮ ಶಾಲೆ ತಪಾಸಣೆ ಆಗಿ ಎಷ್ಟು ದಿನ ಆಯ್ತು?" ಅಂದ್ರು.

"ನಾ ಬಂದ ಮ್ಯಾಲೆ ಆಗೇ ಇಲ್ರಿ."

"ಎಂಥಾ ಅನ್ಯಾಯ! ಶನಿವಾರ ಬರ್ತೀನಿ."

ಶನಿವಾರ ಮೊದಲ ಗಾಡಿಗೇ ಬಂದ್ರು. ಶಾಲಿಗೆ ಮೊದಲು ನಮ್ಮ ಮನಿ. ಒಂದು ಲೋಟ ಕುಡದ್ರು, ಖಾಲಿ ಲೋಟ ಮುಂದ ಹಿಡದ್ರು. ಎರಡನೇದಕ್ಕ ಕೋಟು ಬಿಚ್ಚಿದ್ರು. ಮೂರನೇದಕ್ಕ ಅವ್ವನ ಕಡೆ ತಿರುಗಿ ಅಲ್ಲಿಂದಲೇ ನಮಸ್ಕಾರ ಮಾಡಿದ್ರು. ಆಮ್ಯಾಲೆ ಹತ್ತನೇ ಕ್ಲಾಸಿಗೆ ಹೋದ್ರು. ಸುಮ್ಮ ಅಲ್ಲ, ತಾವೇ ಹಲಗಿ ಮ್ಯಾಲೆ ಒಂದು ಕಠಿಣ ಲೆಕ್ಕ ಬರದ್ರು. ಹುಡುಗರು ನಾ ಮುಂದ ತಾ ಮುಂದ ಅಂತ ಎದ್ದು ಬಂದು ಬಿಡಿಸಿದ್ರು. ಸಾಹೇಬರು ಹೊರಗ ಬಂದು, "ಈ ಮೇಷ್ಟ್ರನ್ನ ಕಳಿಸಿದ್ರೆ ಪಾಪ ತಟ್ಟುತ್ತೆ ಕಣ್ರೀ" ಅಂದವರು, ನನ್ನ ಕೈಗೆ ಕಾಗದ ಕೊಟ್ಟು ಬರಿಸಿದ್ರು:

"ಸದರಿ ಶಾಲೆಯ ತಪಾಸಣೆ ಈ ದಿನ ಪ್ರಾರಂಭವಾಗಿರುತ್ತದೆ. ತಪಾಸಣೆ ಮುಗಿಯುವವರೆಗೆ ಈ ಶಾಲೆ ಬಿಟ್ಟು ಯಾರೂ ಹೋಗತಕ್ಕದ್ದಲ್ಲ."

ನಾ ಬರಿಯೋದು ನಿಲ್ಲಿಸಿದೆ. "ಸರ್, ತಪಾಸಣಿ ಇವತ್ತೇ ಮುಗೀತಲ್ಲರಿ?"

"ಯಾರ್ರೀ ಹೇಳಿದ್ದು ಮುಗೀತು ಅಂತ? ನೋಡಿರೋದು ಬರೀ ಹತ್ತನೇ ಕ್ಲಾಸು. ಒಂಬತ್ತನೇದು ಮುಂದಿನ ಶನಿವಾರ. ಎಂಟನೇದು ಅದರ ಮುಂದಿನ ಶನಿವಾರ. ನಡೀರಿ, ಇನ್ನೊಂದು ಲೋಟ ಕುಡಿಯೋಣ."

ಮಾರ್ಚ್ ಬಂತು, ಹುಡುಗರು ಗಣಿತ ದಾಟಿದ್ರು. ಫಲಿತಾಂಶದ ಹಾಳಿ ಮುಂದ ನಿಂತು ನಾ ಸಣ್ಣ ಹುಡುಗರಂಗ ಅತ್ತೆ. ತಪಾಸಣಿ ಮಾತ್ರ ಮುಗೀಲಿಲ್ಲ. ಕ್ಲಾಸು ಮುಗದ ಮ್ಯಾಲೆ ಬೆಂಚು ನೋಡಿದ್ರು, ಬೆಂಚು ಮುಗದ ಮ್ಯಾಲೆ ಬಾವಿ ನೋಡಿದ್ರು, ಒಂದು ಶನಿವಾರ ಪೂರಾ ಬೇವಿನ ಗಿಡ ತಪಾಸಣಿ ಮಾಡಿದ್ರು. ಹಿಂಗ ಮೂರು ವರ್ಷ.

ಕಡೀಗೆ ಒಂದು ದಿನ ಸಾಹೇಬರು ಶನಿವಾರ ಅಲ್ಲದ ದಿನ ಬಂದ್ರು. ಮುಖ ಬಾಡಿತ್ತು. ಕಿಸೆದಿಂದ ಒಂದು ಲಕೋಟಿ ತಗದು ನನ್ನ ಮುಂದಿಟ್ರು. ಅವರಿಗೇ ವರ್ಗ ಆಗಿತ್ತು, ಹಾಸನಕ್ಕ.

"ಶುಭ ಸುದ್ದಿ ಅಲ್ಲೇನ್ರಿ ಸರ್? ಸ್ವಂತ ಊರು!" ಅಂದೆ.

ಸಾಹೇಬರು ಹಿಡಿಕಿ ತಿರುವ್ಲಿಕತ್ತ ಗಣಿತದ ಮಾಸ್ತರನ್ನ ನೋಡಿದ್ರು, ಕಾಗದ ಪೆನ್ನು ನನ್ನ ಕಡೆ ಸರಿಸಿದ್ರು.

"ಸುಮ್ನೆ ಬೆಂಗಳೂರಿಗೆ ಬರೀರಿ ಹೆಡ್ ಮಾಸ್ಟ್ರೇ. ಮಾನ್ಯರೇ, ಸಾಹೇಬರ ತಪಾಸಣೆಯಿಂದ ನಮಗೆ ಇನ್ನೂ ತೃಪ್ತಿ ಆಗಿರುವುದಿಲ್ಲ, ಮತ್ತೆ ಮೊದಲಿಂದ ಅವರಿಂದಲೇ ಮಾಡಿಸತಕ್ಕದ್ದು!"